ಹುಮನಾಬಾದಿಗೆ ಹೊರಟಿದ್ದ ಮಾಸ್ತರರು

ಹೋದ ತಿಂಗಳು ಮಾಸ್ತರರು ತೀರಿಕೊಂಡಾಗ ಅವರ ಕೈ ತೊಳೆಯುವ ಕೆಲಸ ನನಗೆ ಬಂತು. ನಾನು ನರ್ಸು, ಎದುರು ಮನೆಯವಳು. ಇಂಥ ಹೊತ್ತಿನಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ, ಬಿಸಿನೀರಿನ ಪಾತ್ರೆ ತಂದು ಮುಂದಿಡುತ್ತಾರೆ. ಸಾಬೂನು ಹಚ್ಚಿ ತೊಳೆದೆ. ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ತಿಕ್ಕಿದೆ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದ ಅವರ ಹೆಂಡತಿ ಸುಶೀಲಾಬಾಯಿ ಅಲ್ಲಿಂದಲೇ ನೋಡಿದರು.

"ಬಿಡ್ರಿ ಸಿಸ್ಟರ್. ಅದು ಇಂಜಿನ್ನಿಂದು. ಅದನ್ನೂ ತೊಳದು ಕಳಿಸಿದ್ರ ಮ್ಯಾಲ ಇವರ ಗುರ್ತ ಯಾರಿಗಿ ಸಿಗ್ತದ?"

ಬಿಟ್ಟೆ. ಆಸ್ಪತ್ರೆಯಲ್ಲಿ ಎಷ್ಟೋ ಜನರ ಕೈಗಳನ್ನು ಹೀಗೆ ಕೊನೆಯ ಸಲ ತೊಳೆದವಳು ನಾನು. ಉಗುರಿನ ಕಪ್ಪನ್ನು ಹಾಗೇ ಬಿಟ್ಟು ಎದ್ದದ್ದು ಅವತ್ತೊಂದೇ ಸಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಅದರ ಅಗತ್ಯವೂ ಇಲ್ಲ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಮಾಸ್ತರರು ಅಂದರೆ ಅವರೊಬ್ಬರೇ. ಗಣಿತದ ಮಾಸ್ತರರೂ ಇದ್ದಾರೆ, ಕನ್ನಡದವರೂ ಇದ್ದಾರೆ. ಆದರೆ ಅವರ ಮನೆಯ ಮುಂದೆ ತಗಡಿನ ಶೆಡ್ಡಿಲ್ಲ, ಶೆಡ್ಡಿನಲ್ಲಿ ಕಾರಿಲ್ಲ, ಕಾರಿನ ಬಾಯಲ್ಲಿ ತಲೆಯಿಟ್ಟು ಬಗ್ಗಿ ನಿಂತ ಮನುಷ್ಯನಿಲ್ಲ. ನಾನು ಅವರ ಬೆನ್ನನ್ನು ನೋಡಿದಷ್ಟು ಮುಖವನ್ನು ನೋಡಿಲ್ಲ.

ಅವರು ಸರಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಒಂದು ಪೆನ್ನು, ಪೆನ್ನಿನ ಪಕ್ಕ ಒಂದು ಸಣ್ಣ ಪಾನಾ. ತರಕಾರಿ ತರಲು ಹೋದರೂ ನಟ್ಟು ಬಿಚ್ಚುವ ಆ ಪಾನಾ ಕಿಸೆಯಲ್ಲಿರಬೇಕು. ಡಾಕ್ಟರರು ಸ್ಟೆತಸ್ಕೋಪ್ ಹಾಕಿಕೊಂಡು ತಿರುಗುವುದಿಲ್ಲವೇ, ಹಾಗೆ. ಡಾಕ್ಟರರು ಒಮ್ಮೊಮ್ಮೆ ಯಾರನ್ನಾದರೂ ಗುಣಪಡಿಸುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಕಾರು ಒಂದು ಕಾಲಕ್ಕೆ ಬೆಳ್ಳಗಿತ್ತಂತೆ. ಒಬ್ಬ ಕಂತ್ರಾಟುದಾರರಿಂದ ಹಳೆಯದನ್ನೇ ಕೊಂಡಿದ್ದರು. ಒಳ್ಳೆಯ ನಡತೆಯ ಕಾರು: ನಿಲ್ಲಿಸಿದ ಕಡೆ ನಿಲ್ಲುತ್ತಿತ್ತು, ಕರೆದರೂ ಬರುತ್ತಿರಲಿಲ್ಲ. ವರ್ಷಗಟ್ಟಲೆ ನಿಂತು ನಿಂತು ಇಂಜಿನ್ನಿನೊಳಗೆ ಎಲ್ಲ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿತ್ತು. ಊರಿನ ಮಾತಿನಲ್ಲಿ ಜಾಮ್ ಆಗಿತ್ತು. ಮಧ್ಯಾಹ್ನ ಸುಶೀಲಾಬಾಯಿ ಅದರ ಮುಂದಿನ ಸೀಟಿನಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಮನೆಯಲ್ಲಿ ಗಾಳಿ ಆಡುವ ಜಾಗ ಅದೊಂದೇ ಎಂದು ಅವರ ಅಭಿಪ್ರಾಯ. ಊರಲ್ಲಿ ಇಷ್ಟೊಂದು ಕಾರುಗಳಿವೆ. ಮನೆಯವರಿಗೆ ದಿನವೂ ಉಪಯೋಗಕ್ಕೆ ಬಂದದ್ದು ಇದೊಂದೇ ಇರಬೇಕು.

ಶೆಡ್ಡಿನ ಹಿಂಗೋಡೆಯ ಮೇಲೆ ಮಾಸ್ತರರು ಬಣ್ಣದ ಸೀಮೆಸುಣ್ಣದಲ್ಲಿ ಇಂಜಿನ್ನಿನ ಚಿತ್ರ ಬರೆದಿದ್ದರು. ನಾನು ಚಿತ್ರ ಬಲ್ಲವಳಲ್ಲ. ಆದರೂ ಅದರ ಮುಂದೆ ನಿಂತರೆ ಕೈಯಿಟ್ಟು ತಿರುಗಿಸಬೇಕು ಅನ್ನಿಸುತ್ತಿತ್ತು. ನಟ್ಟಿನ ಆರು ಮೂಲೆಗೂ ನೆರಳು, ಪೈಪಿನ ಬಾಗಿಗೆ ಹೊಳಪು. ಗೋಡೆಯ ಮೇಲಿನ ಇಂಜಿನ್ನಿಗೆ ತುಕ್ಕಿರಲಿಲ್ಲ. ಯಾವ ಭಾಗ ಬಿಚ್ಚುವ ಮೊದಲೂ ಅವರು ಅದನ್ನು ಗೋಡೆಯ ಮೇಲೆ ಬಿಚ್ಚಿ ನೋಡುತ್ತಿದ್ದರು. ಅಲ್ಲಿ ಎಲ್ಲವೂ ಸಲೀಸಾಗಿ ಬರುತ್ತಿತ್ತು.

"ಜೋರ್ ಮಾಡಬಾರದು ಸಿಸ್ಟರ್," ಅನ್ನುವುದು ಅವರ ಸಿದ್ಧಾಂತ. "ಲೋಹಕ್ಕ ಮನಸ್ಸಿರ್ತದ. ಒಲಿಸ್ಕೋಬೇಕು."

ಈ ಮಾತನ್ನು ಅವರು ಆಡಿದಾಗಲೆಲ್ಲ ಅವರ ಕೈಯಲ್ಲಿ ಸುತ್ತಿಗೆ ಇರುತ್ತಿತ್ತು. ನಾನು ನೋಡಿದ್ದನ್ನೇ ಹೇಳುತ್ತಿದ್ದೇನೆ.

ಮೆಕ್ಯಾನಿಕ್ಕಿನ ಹತ್ತಿರ ಒಯ್ಯಿರಿ ಎಂದು ಹೇಳದವರು ಯಾರೂ ಉಳಿದಿರಲಿಲ್ಲ. ಅದಕ್ಕೂ ಉತ್ತರ ಸಿದ್ಧ: "ಅವನ ಕೈಗೆ ಕೊಟ್ರ ಗಾಡಿ ಅವಂದಾಗ್ತದ. ನಮಗ ಬರೀ ಚಾವಿ ಉಳೀತದ." ತಮ್ಮ ಹತ್ತಿರವೂ ಉಳಿದದ್ದು ಚಾವಿಯೊಂದೇ ಎಂಬುದನ್ನು ಅವರು ಗಮನಿಸಿದಂತೆ ಕಾಣಲಿಲ್ಲ.

ಕಾರು ಯಾಕೆ ಅಷ್ಟು ಮುಖ್ಯ ಎನ್ನುವುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಸುಶೀಲಾಬಾಯಿಯ ತವರು ಹುಮನಾಬಾದ. ಅಲ್ಲಿ ಅವರ ತಮ್ಮ ಹೊಸ ಮನೆ ಕಟ್ಟಿ ಪ್ರವೇಶ ಇಟ್ಟುಕೊಂಡಾಗ ಮಾಸ್ತರರು ಇದೇ ಕಾರಿನಲ್ಲಿ ಹೆಂಡತಿಯನ್ನು ಕೂಡಿಸಿಕೊಂಡು ಹೋದರು. ಸರಿಯಾಗಿ ತಮ್ಮನ ಮನೆಯ ಗೇಟಿನ ನಡುವೆ ಕಾರು ನಿಂತುಬಿಟ್ಟಿತು. ಹಿಂದೆ ಬಂದವರು ಒಳಗೆ ಹೋಗುವಂತಿಲ್ಲ, ಒಳಗಿದ್ದವರು ಹೊರಗೆ ಬರುವಂತಿಲ್ಲ. ಬೀಗರೆಲ್ಲ ಸೇರಿ, ರೇಷ್ಮೆ ಅಂಚಿನ ಧೋತರ ಮೇಲೆತ್ತಿಕೊಂಡು, ದಬ್ಬಿ ಕಾರನ್ನು ಅಂಗಳಕ್ಕೆ ತಂದರು. ಆ ತಮ್ಮನೋ ಮಾತಿನ ಚಾಳಿಯವನು. ಎಲ್ಲರ ಮುಂದೆ ಅಂದ:

"ನಮ್ಮ ಮಾಮಾನ ಗಾಡಿಗಿ ಪೆಟ್ರೋಲ್ ಬ್ಯಾಡ್ರಿ. ಬೀಗರಿದ್ರ ಸಾಕು."

ಜನ ನಕ್ಕರು. ಸುಶೀಲಾಬಾಯಿಯೂ ನಕ್ಕರಂತೆ, ಅದನ್ನು ಅವರೇ ನನಗೆ ಹೇಳಿದ್ದಾರೆ. ಮಾಸ್ತರರು ಎಲೆಯ ಮೇಲಿನ ಹೋಳಿಗೆ ಬಿಟ್ಟು ಎದ್ದರು. "ಈ ಅಂಗಳಕ್ಕ ಇನ್ನ ಬಂದ್ರ ಇದೇ ಗಾಡಿ ನಾನೇ ಹೊಡಕೊಂಡು ಬರ್ತೀನಿ. ಇಲ್ಲಂದ್ರ ಬರಂಗಿಲ್ಲ," ಎಂದು ಆಣೆ ಮಾಡಿ ಕಾರು ಹತ್ತಿದರು. ಆಗ ಅದು ಮೊದಲ ಸಲಕ್ಕೇ ಶುರುವಾಯಿತು. ಮನೆಯ ತನಕ ಒಂದು ಕೆಮ್ಮೂ ಇಲ್ಲದೆ ಓಡಿ, ಶೆಡ್ಡಿನೊಳಗೆ ಹೋಗಿ, ಆಮೇಲೆ ಆ ಕಾರು ಯಾವತ್ತೂ ಶುರುವಾಗಲಿಲ್ಲ. ಮಾಸ್ತರರ ಆಣೆಯನ್ನು ಅವರಿಗಿಂತ ನಿಷ್ಠೆಯಿಂದ ನಡೆಸಿದ್ದು ಕಾರೇ.

ಅವರೂ ಕಡಿಮೆಯೇನಲ್ಲ. ಆ ಅಂಗಳದ ಮಾತನ್ನು ಸಾಯುವ ತನಕ ಮುರಿಯಲಿಲ್ಲ. ಅತ್ತೆಯನ್ನು ಮಣ್ಣು ಮಾಡಿದ ದಿನವೂ ಗೇಟಿನ ಹೊರಗೆ ಬೇವಿನ ಬೊಡ್ಡೆಯ ಮೇಲೆ ಕುಳಿತಿದ್ದರು. ಭಾವಮೈದ ನೀರಿನ ಚೊಂಬು, ಕುರ್ಚಿ, ಟವೆಲ್ಲು ಒಂದೊಂದಾಗಿ ರಸ್ತೆಗೆ ತಂದುಕೊಟ್ಟ. ಕೊನೆಗೆ ಚಟ್ಟವೇ ಅಂಗಳ ದಾಟಿ ಹೊರಗೆ ಬಂದಾಗ ಎದ್ದು ಹೆಗಲು ಕೊಟ್ಟರು. ಜಗತ್ತಿನಲ್ಲಿ ಹಟಕ್ಕೂ ಒಂದು ಶಿಸ್ತು ಇರುತ್ತದೆ ಎಂದು ನಾನು ಅವತ್ತು ಕಂಡೆ.

ಆದರೆ ನಾನು ಹೇಳಹೊರಟದ್ದು ಅದಕ್ಕೆ ಹಿಂದಿನ ದಿನಗಳ ಸಂಗತಿ.

ಅತ್ತೆಗೆ ಓಡಾಡುವ ಶಕ್ತಿ ಇರುವ ತನಕ ಆಣೆಯಿಂದ ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ. ಪಂಚಮಿಗೆ, ದೀಪಾವಳಿಗೆ ಆಕೆಯೇ ಬಸ್ಸು ಹತ್ತಿ ಮಗಳ ಮನೆಗೆ ಬರುತ್ತಿದ್ದರು. ಅಳಿಯನ ಮುಂದೆ ಸೆರಗು ಸರಿಮಾಡಿಕೊಂಡು, ಕಾರು ಹೇಗಿದೆ ಎಂದು ಮನುಷ್ಯರ ಆರೋಗ್ಯ ವಿಚಾರಿಸಿದಂತೆ ವಿಚಾರಿಸುತ್ತಿದ್ದರು. "ಸುಧಾರಸಾಕತ್ತದ ಅತ್ತಿ," ಎಂದು ಮಾಸ್ತರರು ಗಂಭೀರವಾಗಿ ಹೇಳುತ್ತಿದ್ದರು.

ಆಮೇಲೆ ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ವಯಸ್ಸಾದ ದೇಹ, ಉಸಿರಿನ ತೊಂದರೆ ಮೊದಲೇ ಇತ್ತು. ಹುಮನಾಬಾದಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಹೆಂಗಸರ ವಾರ್ಡಿಗೇ ಬಂದು ಮಲಗಿದರು. ನಾನು ದಿನವೂ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿ ಬರುವವಳು. ಅಂದಿನಿಂದ ತಾಯಿಗೂ ಮಗಳಿಗೂ ನಡುವೆ ನಾನೇ ಟಪಾಲು. ಇಲ್ಲಿಂದ ಮೆತ್ತಗೆ ಕಲಸಿದ ಮೊಸರನ್ನ ಹೋಗುತ್ತಿತ್ತು. ಅಲ್ಲಿಂದ ಖಾಲಿ ಡಬ್ಬಿ, ಜೊತೆಗೆ ಒಂದೇ ಪ್ರಶ್ನೆ ಬರುತ್ತಿತ್ತು: "ಸುಶೀ ಯಾವಾಗ ಬರ್ತಾಳಂತ?"

ಎಲುಬಿಗಿಂತ ಎದೆ ನನಗೆ ಭಯ ಹುಟ್ಟಿಸುತ್ತಿತ್ತು. ಬಹಳ ದಿನ ಇಲ್ಲ ಎಂದು ಡಾಕ್ಟರರು ಹೇಳುವ ಮೊದಲೇ ಆಕೆಯ ಉಗುರಿನ ಬಣ್ಣ ನನಗೆ ಹೇಳಿತ್ತು. ಒಂದು ಸಂಜೆ ನೇರವಾಗಿ ಮಾಸ್ತರರ ಮನೆಗೆ ಹೋಗಿ ಇದನ್ನು ಹೇಳಿದೆ. ಗಂಡ ಹೆಂಡತಿ ಇಬ್ಬರೂ ಕೇಳಿದರು. ಸುಶೀಲಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತರು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಅವರು ಅಂಗಿಯ ತೋಳು ಮಡಚಿಕೊಂಡು ಹೊರಬಂದಾಗ ಬಸ್ಸಿಗೆ ಹೊರಟರು ಎಂದುಕೊಂಡೆ. ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿದರು. ಸಾಯುತ್ತಿರುವ ಅತ್ತೆಯನ್ನು ನೋಡಲು ಅವರು ಹಿಡಿದ ಹತ್ತಿರದ ದಾರಿ ಇದು.

ಅದುವರೆಗೆ ಭಾನುವಾರದ ಪೂಜೆಯಂತಿದ್ದ ರಿಪೇರಿ ಈಗ ದಿನದ ಯುದ್ಧವಾಯಿತು. ಅದರ ಪ್ರಗತಿ ನನಗೆ ಅವರ ಕೈಗಳಿಂದ ತಿಳಿಯುತ್ತಿತ್ತು, ಪಟ್ಟಿ ಕಟ್ಟುವವಳು ನಾನೇ ಆದ್ದರಿಂದ. ಮೊದಲು ಪ್ಲಗ್ಗುಗಳು. ಮೂರು ಸಲೀಸಾಗಿ ಬಂದವು. ನಾಲ್ಕನೆಯದರ ತಲೆ ಬಂತು, ಹೊಟ್ಟೆ ಒಳಗೇ ಉಳಿಯಿತು. ಪಾನಾ ಜಾರಿ ಅಂಗೈ ಸೀಳಿಕೊಂಡು ಬಂದರು. ನಾನು ಅಯೋಡಿನ್ ಹಚ್ಚುವಾಗಲೂ ಅವರ ಕಣ್ಣು ಶೆಡ್ಡಿನ ಕಡೆ.

"ಉರೀತದೇನ್ರಿ?" ಎಂದೆ.

"ಏನಿಲ್ಲ. ಅದಕ್ಕ ಜರಾ ಬಿಸಿ ಮುಟ್ಟಿಸಬೇಕು."

"ನಾ ನಿಮ್ಮ ಕೈ ಬಗ್ಗೆ ಕೇಳಾಕತ್ತೇನಿ ಮಾಸ್ತರ್."

"ಕೈ ತಾನ ಕೂಡ್ಕೋತದ ಸಿಸ್ಟರ್. ಪ್ಲಗ್ ತಾನ ಬರಂಗಿಲ್ಲ."

ಅದಕ್ಕೆ ಬಿಸಿ ಮುಟ್ಟಿಸಿದ ದಿನ ಹುಬ್ಬು ಸುಟ್ಟುಕೊಂಡರು. ಬಿಸಿಯ ಮೇಲೆ ಚಾಣ ಇಟ್ಟು ಬಡಿದ ದಿನ ಹೆಬ್ಬೆರಳಿನ ಉಗುರು ಕಪ್ಪಾಯಿತು. ಪ್ಲಗ್ಗಿನ ಹೊಟ್ಟೆ ಅಲ್ಲೇ ಇತ್ತು, ಆರೋಗ್ಯವಾಗಿತ್ತು.

ಸಲಹೆಗೆ ಓಣಿಯಲ್ಲಿ ಯಾವತ್ತೂ ಬರವಿಲ್ಲ. ಸೀಮೆಎಣ್ಣೆ ಬಿಡಿ ಎಂದು ಒಬ್ಬರು, ಕುಸುಬಿ ಎಣ್ಣೆ ಕಾಸಿ ಬಿಡಿ ಎಂದು ಇನ್ನೊಬ್ಬರು. ನಿಂಬೆ ರಸ ತುಕ್ಕು ತಿನ್ನುತ್ತದೆ ಎಂದು ಒಂದು ಮನೆ, ಹುಣಸೆ ಹುಳಿ ಎಂದು ಪಕ್ಕದ ಮನೆ. ಮಾಸ್ತರರು ಯಾರನ್ನೂ ನೋಯಿಸುವವರಲ್ಲ, ಎಲ್ಲವನ್ನೂ ಬಿಟ್ಟರು. ಓಣಿಯ ಅಡಿಗೆಮನೆ ಪೂರ್ತಿ ಇಂಜಿನ್ನಿನೊಳಗೆ ಇಳಿಯಿತು. ಆ ದಾರಿಯಲ್ಲಿ ಹೋಗುತ್ತಿದ್ದ ಮೆಕ್ಯಾನಿಕ್ ಒಬ್ಬ ಗಾಡಿ ನಿಲ್ಲಿಸಿ ಒಳಗೆ ಇಣುಕಿ ಮೂಗು ಮುಚ್ಚಿಕೊಂಡ.

"ಮಾಸ್ತರ್, ಜರಾ ಸಾಸಿವಿಪುಡಿ ಕಮ್ಮಿ ಬಿದ್ದದ. ಹಾಕ್ರಿ, ಉಪ್ಪಿನಕಾಯಿ ಭಾರಿ ಆಗ್ತದ."

"ನಿನಗ ಬರಣಿ ತುಂಬಿ ಕಳಸ್ತೀನಿ, ನಡಿ," ಅಂದರು ಮಾಸ್ತರರು, ತಲೆ ಎತ್ತದೆ.

ಪ್ಲಗ್ಗಿನ ಹಟ ಬಿಟ್ಟು ಇಂಜಿನ್ನಿನ ಮೇಲಿನ ಮುಚ್ಚಳವನ್ನೇ ತೆಗೆಯುವುದೆಂದು ಆಮೇಲೆ ನಿಶ್ಚಯವಾಯಿತು. ಹೆಡ್ ಎನ್ನುತ್ತಾರೆ ಅದಕ್ಕೆ. ನಟ್ಟುಗಳೆಲ್ಲ ಬಂದವು, ಹೆಡ್ಡು ಮಾತ್ರ ಬೆಸುಗೆ ಹಾಕಿದಂತೆ ಕೂತಿತ್ತು. ಇಲ್ಲಿ ಮಾಸ್ತರರು ಒಂದು ಕೆಲಸ ಮಾಡಿದರು. ನಮ್ಮ ಕಡೆ ಕಲ್ಲು ಒಡೆಯುವವರು ಬಂಡೆಯ ಸಂದಿಗೆ ಒಣಗಿದ ಕಟ್ಟಿಗೆಯ ಬೆಣೆ ಬಡಿದು ಅದಕ್ಕೆ ನೀರು ಉಣಿಸುತ್ತಾರೆ. ಕಟ್ಟಿಗೆ ಉಬ್ಬಿ ಕಲ್ಲು ಸೀಳುತ್ತದೆ. ಚಿಕ್ಕವರಿದ್ದಾಗ ನೋಡಿದ್ದರಂತೆ. ಜಾಲಿಯ ತೆಳ್ಳನೆಯ ಬೆಣೆಗಳನ್ನು ಕೆತ್ತಿ, ಹೆಡ್ಡಿನ ಸುತ್ತ ಸಂದಿಗೆ ಮೆಲ್ಲಗೆ ಬಡಿದು, ಮೇಲೆ ಒದ್ದೆ ಅರಿವೆ ಹಾಕಿ, ಇಡೀ ದಿನ ಪಕ್ಕದಲ್ಲಿ ಕುಳಿತು ನೀರು ಚಿಮುಕಿಸಿದರು. ಜ್ವರ ಬಂದ ಕೂಸಿನ ಹಣೆಗೆ ತಣ್ಣೀರು ಪಟ್ಟಿ ಹಾಕುವ ತಾಯಂದಿರನ್ನು ನಾನು ನೋಡಿದ್ದೇನೆ. ಅವರಲ್ಲೂ ಕೆಲವರು ನಡುವೆ ಎದ್ದು ಹೋಗುತ್ತಾರೆ.

ಸಂಜೆ ನಾನು ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಬರಿಗಾಲಲ್ಲಿ ಓಡಿ ಬಂದರು.

"ಸಿಸ್ಟರ್! ಬಿಡ್ತು! ಬರ್ರಿ, ಬಿಡ್ತು ನೋಡ್ರಿ!"

ಹೆರಿಗೆಗೆ ಕರೆಯುವವರ ದನಿ ಅದು. ಅಭ್ಯಾಸಬಲದಿಂದ ನಾನೂ ಓಡಿದೆ. ಹೆಡ್ಡು ಒಂದು ಬೆರಳಿನಷ್ಟು ಎದ್ದು ಕೂತಿತ್ತು. ಅವರು ಓಣಿಗೆಲ್ಲ ಸಕ್ಕರೆ ಹಂಚಿದರು. ನನ್ನ ಅಂಗೈಗೂ ಒಂದು ಚಮಚ ಬಿತ್ತು, ಸೀಮೆಎಣ್ಣೆಯ ವಾಸನೆಯ ಸಕ್ಕರೆ. ಕುಚೋದ್ಯದ ಮಾತೊಂದು ನಾಲಿಗೆಯ ತುದಿಯಲ್ಲಿತ್ತು, ಸಕ್ಕರೆಯ ಜೊತೆ ನುಂಗಿದೆ. ಬೆಣೆಗೆ ಉಣಿಸಿದ ನೀರು ಇಂಜಿನ್ನಿಗೂ ಇಳಿದಿತ್ತು ಎಂಬುದು ತಿಳಿದದ್ದು ಆಮೇಲೆ.

ಹೆಡ್ಡು ತೆಗೆದ ಮೇಲೆ ಒಳಗಿನದೆಲ್ಲ ಕಂಡಿತು. ಸಾಲಾಗಿ ನಾಲ್ಕು ಗುಂಡಿ, ಗುಂಡಿಗೊಂದು ಪಿಸ್ಟನ್. ಮಾಸ್ತರರು ನನ್ನನ್ನೂ ಹೆಂಡತಿಯನ್ನೂ ಮುಂದೆ ನಿಲ್ಲಿಸಿಕೊಂಡು ಗೋಡೆಯ ಚಿತ್ರಕ್ಕೆ ಕಡ್ಡಿ ತೋರಿಸಿ ಪಾಠ ಮಾಡಿದರು. "ಇವು ನಾಕೂ ಕೆಳಗ ಒಂದೇ ದಂಡಕ್ಕ ಕಟ್ಟಿಹಾಕ್ಯಾವ. ಮೂರು ಚೊಲೋ ಅವ. ಇದೊಂದು ಜಿದ್ದಿಗಿ ಬಿದ್ದದ. ಇದೊಂದು ಅಲಗಂಗಿಲ್ಲ ಅಂದ್ರ ಉಳದ ಮೂರೂ ಅಲಗಂಗಿಲ್ಲ. ತಿಳೀತೇನು?"

"ತಿಳೀತ್ರಿ," ಅಂದರು ಸುಶೀಲಾಬಾಯಿ. "ನನಗ ಮದ್ಲೇ ತಿಳದಿತ್ತು."

ಆ ಪಿಸ್ಟನ್ ಮೇಲೆ ಕಟ್ಟಿಗೆಯ ತುಂಡಿಟ್ಟು ಬಡಿದರು, ಎಣ್ಣೆ ಬಿಟ್ಟು ಕಾದರು, ಮತ್ತೆ ಬಡಿದರು. ಇತ್ತ ವಾರ್ಡಿನಲ್ಲಿ ಅತ್ತೆ ಮೊಸರನ್ನ ಬಿಟ್ಟರು. ಸುಶೀಲಾಬಾಯಿಯ ತಮ್ಮ ಥರ್ಮಾಸು ಹಿಡಿದು ಮಂಚದ ಪಕ್ಕ ಕೂತಿರುತ್ತಿದ್ದ. ಮಾತಿನ ಚಾಳಿಯವನ ಬಾಯಲ್ಲಿ ಈಗ ಒಂದೇ ಮಾತು. "ಅಕ್ಕಗ ಬಾ ಅಂತ ಹೇಳ್ರಿ ಸಿಸ್ಟರ್," ಅನ್ನುತ್ತಿದ್ದ. "ಮಾಮಾಗ ನಾ ಕರದೀನಿ ಅಂತ ಹೇಳಬ್ಯಾಡ್ರಿ. ಅವರಿಗಿ ನಾ ಏನೂ ಅಂದಿಲ್ಲ." ಹಟದ ಪಿಸ್ಟನ್ ಒಂದೇ ಎಂದು ಮಾಸ್ತರರು ತಪ್ಪು ಎಣಿಸಿದ್ದರು.

ನಾನು ಮತ್ತೆ ಹೋಗಿ ಹೇಳಿದೆ. "ಮಾಸ್ತರ್, ಬಸ್ ಅದ. ಓಣಿ ಬಾಯಿಗೇ ನಿಲ್ತದ."

"ಬಸ್ ಎಲ್ಲಿಗಿ ಹೋಗ್ತದ್ರಿ, ಇದ್ದೇ ಇರ್ತದ. ಇದು ನಿನ್ನಿ ಕೂದಲೆಳಿಯಷ್ಟು ಅಲಗ್ಯಾದ. ಇನ್ನೊಂದು ದಿನ ಸಬೂರ್ ಮಾಡ್ರಿ."

"ಅಕ್ಕ, ನೀವರೆ ಬರ್ರಿ ನನ್ನ ಜೋಡಿ," ಎಂದು ಸುಶೀಲಾಬಾಯಿಗೆ ಹೇಳಿದೆ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಬೇಡವಾದ ಕಾಲ. ಸರಕಾರ ಬಿಟ್ಟುಕೊಟ್ಟದ್ದನ್ನು ಆಣೆ ಹಿಡಿದುಕೊಂಡಿತ್ತು.

"ನಾ ಒಬ್ಬಾಕಿ ಹೋಗಿ ನಿಂತ್ರ ಇವರು ಸೋತಂಗ, ನನ್ನ ತಮ್ಮ ಗೆದ್ದಂಗ ಆಗ್ತದ್ರಿ," ಅಂದರು. ಆಮೇಲೆ, "ಹೋಗಲಿಲ್ಲಂದ್ರ ನಾ ಸೋತಂಗ ಆಗ್ತದ. ಅದು ಹೆಂಗೂ ಯಾರ ಲೆಕ್ಕಕ್ಕೂ ಬರಂಗಿಲ್ಲ," ಅಂದರು.

ಮರುದಿನ ಬೆಳಿಗ್ಗೆ ನಾನು ಚೀಲ ಹಿಡಿದು ಡ್ಯೂಟಿಗೆ ಹೊರಟಾಗ ಶೆಡ್ಡಿನ ಮುಂದೆ ಎತ್ತುಗಳು ನಿಂತಿದ್ದವು. ಹತ್ತಿರದ ಮುಡಬಿಯ ರೈತನೊಬ್ಬ, ಮಾಸ್ತರರ ಹಳೆಯ ವಿದ್ಯಾರ್ಥಿ, ಬಸ್ ನಿಲ್ಲುವ ಕಡೆಯ ಚಹಾ ಹೋಟೆಲಿಗೆ ಒಲೆಗೆಂದು ತೊಗರಿ ಕಟ್ಟಿಗೆ ಒಂದು ಬಂಡಿ ತಂದು ಇಳಿಸಿದ್ದ. ಮಾಸ್ತರರು ಬಂಡಿ ಬಿಡಿಸಿ ಎತ್ತುಗಳನ್ನು ಕರೆಸಿಕೊಂಡಿದ್ದರು. ಕಾರನ್ನು ಗೇರಿನಲ್ಲಿಟ್ಟು ಎಳೆಸಿದರೆ ಗಾಲಿ ತಿರುಗಬೇಕು, ಗಾಲಿ ತಿರುಗಿದರೆ ಇಂಜಿನ್ ತಿರುಗಬೇಕು, ಆಗ ಪಿಸ್ಟನ್ ಬಿಡಲೇಬೇಕು. ಕೇಳಿದರೆ ತಪ್ಪು ಹುಡುಕಲು ಆಗುವುದಿಲ್ಲ.

"ಮಾಸ್ತರ್‌ರ, ನನ್ನ ಎತ್ತಿಗಿ ಲೈಸನ್ಸ್ ಇಲ್ಲ ನೋಡ್ರಿ," ಅಂದ ರೈತ, ಬಂಪರಿಗೆ ಹಗ್ಗ ಬಿಗಿಯುತ್ತ.

"ನಿನಗ ಡ್ರಾಯಿಂಗಿನಾಗ ಎತ್ತು ಬರೀ ಅಂದ್ರ ಕತ್ತಿಮರಿ ಬರೀತಿದ್ದಿ. ಸುಮ್ನ ಹೊಡಿ."

ಪಿಸ್ಟನ್ ಅಲುಗುವುದನ್ನು ಕಣ್ಣಾರೆ ನೋಡಲು ಮಾಸ್ತರರು ಹೊರಗೆ, ತೆರೆದ ಬಾನೆಟ್ಟಿನ ಪಕ್ಕ ಇರಬೇಕು. ಹಾಗಾದರೆ ಸ್ಟೇರಿಂಗ್ ಯಾರು ಹಿಡಿಯುವುದು?

"ನನಗ ಬರಂಗಿಲ್ರಿ," ಅಂದರು ಸುಶೀಲಾಬಾಯಿ.

"ಬರೋದೇನದ ಅದರಾಗ? ಇಷ್ಟು ವರ್ಷ ಕುಂತೀದಿ. ಸೀದಾ ಹಿಡಕೊಂಡು ಕೂಡು."

ಅವರು ಕೂತರು. ಮಡಿಲಲ್ಲಿ ಅಕ್ಕಿಯ ಮೊರ ಇಲ್ಲ, ಅಷ್ಟೇ. ಮುಂದಿನದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ. ರೈತ ಎತ್ತುಗಳನ್ನು ಹೊಡೆದ. ಹಗ್ಗ ಬಿಗಿಯಿತು. ಮುಂದಿನ ಗಾಲಿಗಳು ತಿರುಗಿದವು. ಹಿಂದಿನವು ತಿರುಗಲಿಲ್ಲ, ಮೊರಮು ಮಣ್ಣಿನ ಮೇಲೆ ಗೀರು ಎಳೆಯುತ್ತ ಜಾರಿದವು. ಕಾರು ಶೆಡ್ಡಿನಿಂದ ಹೊರಬಂದು ಓಣಿಯ ಇಳಿಜಾರಿನ ತುದಿಗೆ ನಿಂತಿತು. ಮಾಸ್ತರರು "ಇನ್ನೊಮ್ಮೆ!" ಎಂದು ಕೂಗಿದರು. ಎತ್ತುಗಳು ಮೊಣಕಾಲು ಊರಿ ಎಳೆದವು. ಒಳಗೆ ಯಾರೋ ಹಳೆಯ ಬಾಗಿಲನ್ನು ಒದ್ದು ತೆಗೆದಂಥ ಸದ್ದಾಯಿತು. ಪಿಸ್ಟನ್ನಿನ ಗುಂಡಿಗಳಲ್ಲಿದ್ದ ಎಣ್ಣೆ, ನಿಂಬೆ, ಹುಣಸೆ ಎಲ್ಲ ಕಾರಂಜಿಯಂತೆ ಮೇಲೆ ಚಿಮ್ಮಿ ಮಾಸ್ತರರ ಮುಖಕ್ಕೆ ಬಿತ್ತು. ಗಾಲಿಗಳು ನಾಲ್ಕೂ ಉರುಳತೊಡಗಿದವು.

ಬೆನ್ನ ಹಿಂದಿನ ಆ ಸದ್ದಿಗೆ ಎತ್ತುಗಳು ಬೆದರಿ ಓಡಿದವು. ಇಳಿಜಾರಿನಲ್ಲಿ ಕಾರು ಅವುಗಳ ಹಿಂದೆ. ರೈತ ಜಾಣ, ಓಡುತ್ತಲೇ ಹಗ್ಗದ ಗಂಟು ಎಳೆದು ಎತ್ತುಗಳನ್ನು ಪಕ್ಕಕ್ಕೆ ಹೊರಳಿಸಿದ. ಈಗ ಕಾರು ತಾನೊಂದೇ ಇಳಿಯುತ್ತಿತ್ತು, ಒಳಗೆ ಸುಶೀಲಾಬಾಯಿ ಒಬ್ಬರೇ. ಎದ್ದು ನಿಂತ ಬಾನೆಟ್ಟಿನಿಂದಾಗಿ ಅವರಿಗೆ ಮುಂದಿನದೇನೂ ಕಾಣುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ನಾನು ಚೀಲ ಬಿಸಾಡಿ ಓಡುತ್ತಿದ್ದೆ, ನನ್ನ ಪಕ್ಕದಲ್ಲಿ ಎಣ್ಣೆಮುಖದ ಮಾಸ್ತರರು.

"ಬ್ರೇಕ್ ಹಾಕ್ರಿ ಅಕ್ಕ! ಬ್ರೇಕ್!" ಎಂದು ಕಿರುಚಿದೆ.

"ಬ್ರೇಕ್ ಇಲ್ಲ!" ಅಂದರು ಮಾಸ್ತರರು, ಏದುಸಿರು ಬಿಡುತ್ತ. "ಬ್ರೇಕ್ ಆಯಿಲ್ ತಗದು ಪಿಸ್ಟನ್ನಿಗಿ ಹಾಕೀನಿ! ಅದಕ್ಕ ಬಿಟ್ಟದ ಅದು!"

ಇಷ್ಟು ವರ್ಷಗಳಲ್ಲಿ ನನಗೆ ಯಾರ ಮೇಲೂ ಕೈ ಎತ್ತಬೇಕು ಅನ್ನಿಸಿಲ್ಲ. ಆಗ ಅನ್ನಿಸಿತು. ಅದಕ್ಕೆ ಸಮಯವಿರಲಿಲ್ಲ. ಕೆಳಗೆ ದೊಡ್ಡ ರಸ್ತೆ, ರಸ್ತೆಯಲ್ಲಿ ಲಾರಿಗಳು. ಸುಶೀಲಾಬಾ‍ಯಿ ಕೈಬ್ರೇಕು ಎಳೆದಿದ್ದರಂತೆ, ಅದು ಕಿತ್ತು ಕೈಗೇ ಬಂದಿತ್ತು. ಓಣಿ ಮುಗಿಯುವಲ್ಲಿ ಅವರು ಸ್ಟೇರಿಂಗನ್ನು ಎರಡೂ ಕೈಯಿಂದ ಎಡಕ್ಕೆ ಎಳೆದದ್ದು ನನಗೆ ಕಂಡಿತು. ಕಾರು ರಸ್ತೆಗೆ ಹೋಗದೆ ಚಹಾ ಹೋಟೆಲಿನ ಪಕ್ಕದ ತೊಗರಿ ಕಟ್ಟಿಗೆಯ ರಾಶಿಗೆ ನುಗ್ಗಿತು. ಪಟಪಟ ಮುರಿಯುತ್ತ ಕಟ್ಟಿಗೆ ಅದನ್ನು ಮೆತ್ತಗೆ ಹಿಡಿದು ನಿಲ್ಲಿಸಿತು. ಧೂಳು ಎದ್ದಿತು. ಧೂಳಿನೊಳಗಿಂದ ಯಾರೂ ಬರದ ಆ ಸ್ವಲ್ಪ ಹೊತ್ತು ಈಗಲೂ ಕನಸಿನಲ್ಲಿ ಬರುತ್ತದೆ.

ಬಾಗಿಲು ತೆರೆಯಿತು. ಸುಶೀಲಾಬಾಯಿ ಇಳಿದರು. ಕಿತ್ತು ಬಂದ ಕೈಬ್ರೇಕನ್ನು ಸೀಟಿನ ಮೇಲಿಟ್ಟು ಬಾಗಿಲು ಹಾಕಿದರು. ತಲೆಯಲ್ಲಿ ಸಿಕ್ಕಿದ್ದ ತೊಗರಿ ಕಡ್ಡಿ ತೆಗೆದರು. ಸೆರಗು ಝಾಡಿಸಿ ಸರಿಮಾಡಿಕೊಂಡರು. ಆಮೇಲೆ ಓಣಿಯ ಕಡೆ ತಿರುಗಿ ನೋಡಿದರು. ಅರ್ಧ ಓಣಿಯಲ್ಲಿ ಚಪ್ಪಲಿ ಸಿಕ್ಕಿ ಬಿದ್ದಿದ್ದ ಮಾಸ್ತರರು, ಮೊಣಕಾಲಿನಲ್ಲಿ ರಕ್ತ, ಕುಳಿತಲ್ಲಿಂದಲೇ ಪಾನಾ ಮೇಲೆತ್ತಿ ಆಡಿಸುತ್ತಿದ್ದರು.

"ಬಿಡ್ತು! ಸುಶೀಲಾ, ಪಿಸ್ಟನ್ ಬಿಡ್ತು!"

ಹೆಂಡತಿ ಬದುಕಿದ್ದಾಳೆಯೇ ಎಂದು ಕೇಳುವುದು ಬಹುಶಃ ಅದರ ಮುಂದಿನ ಪ್ರಶ್ನೆಯಾಗಿತ್ತು. ಅದಕ್ಕೆ ಸಮಯ ಸಿಗಲಿಲ್ಲ. ಹುಮನಾಬಾದಿನ ಬಸ್ಸು ಎದುರೇ ನಿಂತಿತ್ತು. ಚಾಲಕ, ಕಂಡಕ್ಟರು, ಪ್ರಯಾಣಿಕರು ಎಲ್ಲ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರು.

"ನಡೀರಿ ಸಿಸ್ಟರ್," ಅಂದರು ಸುಶೀಲಾಬಾಯಿ. ಹತ್ತಿದರು.

ಕಂಡಕ್ಟರು ಹತ್ತಿರ ಬಂದು ಆಧಾರ್ ಕಾರ್ಡು ಕೇಳಲು ಬಾಯಿ ತೆರೆದ. ಅವರ ಮುಖ ನೋಡಿ, "ಕೂಡ್ರಿ ಅವ್ವ, ನೀರು ಕುಡೀರಿ," ಎಂದು ತನ್ನ ಬಾಟಲಿ ಕೊಟ್ಟ. ಬಸ್ಸು ಹೊರಟ ಮೇಲೆ ಅವರ ಬೆನ್ನಿನ ಧೂಳನ್ನು ನಾನು ಝಾಡಿಸಿದೆ. ಬಹಳ ದೂರ ಹೋದ ಮೇಲೆ ಅವರು ಮೆಲ್ಲಗೆ, "ಆದ್ರ ಅದು ಹೋಗಾಕತ್ತಿತ್ತಲ್ರಿ ಸಿಸ್ಟರ್," ಅಂದರು. "ಖರೇನೇ ಹೋಗಾಕತ್ತಿತ್ತು."

ವಾರ್ಡಿನಲ್ಲಿ ತಾಯಿ ಕಣ್ಣು ಮುಚ್ಚಿ ಮಲಗಿದ್ದರು. ಮಗಳು ಹೋಗಿ ಮಂಚದ ಅಂಚಿಗೆ ಕೂತು ಅವರ ಕಾಲು ಹಿಡಿದಾಗ ಕಣ್ಣು ತೆರೆದರು. ಪಕ್ಕದಲ್ಲಿದ್ದ ತಮ್ಮ ಥರ್ಮಾಸು ಹಿಡಿದು ಎದ್ದು ನಿಂತ.

"ಬಂದೇನು ಸುಶೀ. ಯಾತ್ರಾಗ ಬಂದಿ?"

ಸುಶೀಲಾಬಾಯಿ ನನ್ನ ಕಡೆ ನೋಡಲಿಲ್ಲ. "ಕಾರಿನ್ಯಾಗ ಬಂದೆ, ಅವ್ವ."

"ಅಳಿಯಂದ್ರು?"

"ಹೊರಗ ಗಾಡಿ ನಿಂದ್ರಸಾಕತ್ತಾರ."

ನಾನು ಡ್ರಿಪ್ಪಿನ ಬಾಟಲಿ ನೋಡುತ್ತ ನಿಂತೆ. ಓಣಿಯ ಬಾಯಿಯ ತನಕ ಕಾರಿನಲ್ಲೇ ಬಂದಿದ್ದರಲ್ಲ, ನಾನು ಕಣ್ಣಾರೆ ಕಂಡ ಮಟ್ಟಿಗೆ ಅದು ಸುಳ್ಳಲ್ಲ. ಅವರ ತಮ್ಮ ಥರ್ಮಾಸನ್ನು ಕೆಳಗಿಟ್ಟು ಆಸ್ಪತ್ರೆಯ ಗೇಟಿನ ತನಕ ಹೋಗಿ ಖರೇ ನೋಡಿ ಬಂದ. ಬಂದವನ ಮುಖ ಸಪ್ಪಗಿತ್ತು. ಮುದುಕಿ ಮಾತ್ರ ಬಾಗಿಲಿನಿಂದ ಕಣ್ಣು ತೆಗೆಯಲೊಲ್ಲರು. ಊಟದ ಹೊತ್ತಾಯಿತು, ಡಾಕ್ಟರರು ಬಂದು ಹೋದರು, ಆಕೆ ಬಾಗಿಲನ್ನೇ ನೋಡುತ್ತಿದ್ದರು. ನಾನು ವರಾಂಡಕ್ಕೆ ಹೋಗಿ ಮಾಸ್ತರರಿಗೆ ಫೋನ್ ಮಾಡಿದೆ.

"ಮಾಸ್ತರ್, ನೀವು ಹೊರಗ ಗಾಡಿ ನಿಂದ್ರಸಾಕತ್ತೀರಿ ಅಂತ ನಿಮ್ಮ ಅತ್ತಿ ಕಾಯಾಕತ್ತಾರ. ಇನ್ನ ಎಷ್ಟೊತ್ತು ನಿಂದ್ರಸ್ತೀರಿ?"

ಅತ್ತ ಕಡೆ ಪಾನಾ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ನಾ ಅಂಗಳಕ್ಕ ಅಷ್ಟ ಆಣಿ ಮಾಡೀನಿ ಸಿಸ್ಟರ್. ದವಾಖಾನಿಗಿ ಮಾಡಿಲ್ಲ," ಅಂದರು.

ಇಷ್ಟು ದಿನ ಅವರು ಬರಬಹುದಿತ್ತು. ಅವರ ಕಾನೂನಿನಲ್ಲೇ ಅದಕ್ಕೆ ಜಾಗವಿತ್ತು. ನಾವೆಲ್ಲ ಓದಿರಲಿಲ್ಲ, ಅಷ್ಟೇ. ನನಗೆ ಸಿಟ್ಟು ತಡೆಯಲಾಗಲಿಲ್ಲ. "ಮತ್ತ ಯಾಕ ಬರಲಿಲ್ರಿ?"

"ಬಾ ಅಂತ ಅವ ಒಂದ್ಸಲರೆ ಅಂದಾನೇನ್ರಿ?"

ತಿರುಗಿ ನೋಡಿದೆ. ಭಾವಮೈದ ಹಿಂದೆಯೇ ನಿಂತಿದ್ದ. ನಾನು ಏನೂ ಹೇಳದೆ ಫೋನನ್ನು ಅವನ ಕೈಗಿಟ್ಟೆ. ಅವನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದ. ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ಅಂದ:

"ಮಾಮಾ. ಇಲ್ಲಿ ಗಾಡಿ ನಿಂದ್ರಸ್ಲಾಕ ಜಾಗ ಖಾಲಿ ಅದ. ಬರ್ರಿ."

ಮಾಸ್ತರರು ಮಧ್ಯಾಹ್ನದ ಬಸ್ಸಿಗೆ ಬಂದರು. ಇಸ್ತ್ರಿಯ ಅಂಗಿ ಹಾಕಿದ್ದರು, ಮುಖ ತೊಳೆದಿದ್ದರು, ಕುಂಟುತ್ತಿದ್ದರು. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಮಂಚದ ಕಾಲದೆಸೆ ಹೊಸ ಮದುಮಗನಂತೆ ಕೈಕಟ್ಟಿ ನಿಂತರು. ಸುಶೀಲಾಬಾಯಿ ತಲೆ ಎತ್ತಲಿಲ್ಲ. ಮುದುಕಿ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ನಿಧಾನಕ್ಕೆ ಸೆರಗು ತಲೆಯ ಮೇಲೆ ಎಳೆದುಕೊಂಡರು. ಆಕೆಗೆ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ, ನಾನು ಕೇಳಿದ್ದನ್ನಷ್ಟೇ ಬರೆಯುತ್ತೇನೆ.

"ಗಾಡಿ ಭಾಳ ದೂರ ನಿಂದ್ರಿಸಿದ್ರೇನ್ರಿ?" ಎಂದು ಕೇಳಿದರು.

"ಹೌದ್ರಿ ಅತ್ತಿ," ಅಂದರು ಮಾಸ್ತರರು. "ಭಾಳ ದೂರ ನಿಂದ್ರಿಸಿಬಿಟ್ಟೆ."